ಮುಳ್ಳಿನ ಆಚಿ ನಿಂತ ಬುತ್ತಿ

ಇಲ್ಲ ಇಲ್ಲ, ರೊಟ್ಟಿಗೇನ ಕಡಿಮಿ ಇರಲಿಲ್ಲ. ಅದನ್ನ ಮೊದಲ ಹೇಳಿಬಿಡ್ತೇನಿ, ಇಲ್ಲಾಂದ್ರ ನೀವು ಮೊಮ್ಮಕ್ಕಳು ಈ ಮುತ್ತ್ಯಾನ ಊರು ಕೆಟ್ಟದ್ದು ಅಂತೀರಿ. ಲಾಕ್‌ಡೌನ್ ಬಂತಲ್ಲ, ನೀವಿನ್ನೂ ಸಣ್ಣವರಿದ್ರಿ, ಗೋವಾದಾಗ ಕೆಲಸ ಎಲ್ಲಾ ಬಂದ್ ಆತು. ನಮ್ಮ ಬೀಳಗಿ ಕಡಿ ಮಂದಿ ಅಲ್ಲಿ ಮನಿ ಕಟ್ಟೂ ಕೆಲಸಕ್ಕ, ರಸ್ತೆ ಕೆಲಸಕ್ಕ ಹೋದವ್ರು. ಬಾಡಗಿ ಮನಿಯಾಂವ ಹೊರಗ ಹಾಕಿದ, ಮೇಸ್ತ್ರಿ ಫೋನ್ ಎತ್ತಲಿಲ್ಲ. ಒಂದಿಷ್ಟು ದಾರಿ ನಡದು, ಒಂದಿಷ್ಟು ಯಾರದೋ ಲಾರಿ ಹತ್ತಿ ಊರಿಗೆ ಬಂದ್ರು. ಬಂದ್ರ ಮನಿಗೆ ಬಿಡಂಗಿಲ್ಲ. ಕ್ವಾರಂಟೈನ್ ಅಂತ ಸಾಲ್ಯಾಗ ಇಟ್ರು. ನಮ್ಮೂರ ಸಾಲಿ, ನಮ್ಮೂರ ಮಂದಿ, ನಡಕ ಗೇಟು.

ಹಿರ್ಯಾರೆಲ್ಲ ಕೂಡಿದ್ವಿ. ಮಠಕ್ಕ ಮನಿಮನಿಯಿಂದ ರೊಟ್ಟಿ ಕೂಡಸ್ತೀವಲ್ಲ, ಹಂಗ ಇವರಿಗೂ ಕೂಡಸೂದು ಅಂತ ಆತು. ಬಂಡಿ ನಂದು. ಮುಂಜಾನೆ ಓಣಿ ಓಣಿಗೆ ಬಂಡಿ ಹೊಡೀತಿದ್ನಿ, ಹೆಣ್ಮಕ್ಕಳು ಬಾಗಲದಾಗ ನಿಂತು ಬುಟ್ಟ್ಯಾಗ ಹಾಕತಿದ್ರು. ರೊಟ್ಟಿ, ಜುಣಕ, ಶೇಂಗಾ ಚಟ್ನಿ, ಮಸರು. ನಿಮ್ಮ ಆಯಿ ಅಂತೂ ನನಗ ಹಾಕೂಕಿಂತ ದಪ್ಪ ಮಸರು ಅವರಿಗೆ ಹಾಕತಿದ್ಲು. ಕೇಳಿದ್ರ, "ನೀವೇನ ಗೋವಾದಿಂದ ನಡದು ಬಂದೀರೇನು" ಅಂತಿದ್ಲು. ಗೇಟಿನ ಮುಂದ ಬುಟ್ಟಿ ಇಟ್ಟು ನಾ ಬೇವಿನ ಗಿಡದ ತನಕ ಹಿಂದ ಸರಿಯೂದು, ಅವರು ಬಂದು ಒಯ್ಯೂದು. ಮಾತು ಕಡಿಮಿ. ನನಗ ಅದ ಛಲೋ ಅನಿಸಿತ್ತು, ನಾ ಮೊದಲಿಂದಲೂ ಮಾತಿನವ ಅಲ್ಲ.

ಅವರೊಳಗ ನೀಲವ್ವ ಒಬ್ಬಾಕಿ. ನಮ್ಮೂರ ಹಣಮಂತನ ಹೆಂಡ್ತಿ, ಅವನ ಜೋಡಿ ಗೋವಾದಿಂದ ಬಂದಾಕಿ. ಮುಧೋಳ ಆಚಿಕಡಿ ಹಳ್ಳಿ ಆಕಿ ತವರಮನಿ. ಚೊಚ್ಚಲ ಬಸರಿ, ಏಳ ತಿಂಗಳ ಆಗಿತ್ತು. ಅಷ್ಟ ದಾರಿ ನಡದ ಬಂದಾಕಿ, ಕಾಲು ಬಾತು ಕಂಬ ಆಗಿದ್ವು. ಉಣ್ಣಾಕ ಕೂತ್ರ ಅರ್ಧ ರೊಟ್ಟಿ ಮುರದು ಸುಮ್ಮನ ಕೂಡ್ತಿದ್ಲು. ನಾ ಗಿಡದ ಕೆಳಗಿಂದನ ಅಂದೆ, "ಉಣ್ಣವಾ ತಂಗಿ, ಇಬ್ಬರ ಹೊಟ್ಟಿ ಅದು." ಆಕಿ ತೆಲಿ ತಗ್ಗಿಸಿ, "ಊರೆಲ್ಲ ಕೊಡತೈತಿ ಮಾವಾರ, ಇಲ್ಲ ಅನ್ನೂದಿಲ್ಲ. ಕುಬಸ ಆಗಲಿಲ್ಲ ನೋಡ್ರಿ, ಅವ್ವನ ಕೈ ರೊಟ್ಟಿ ಒಂದ ತಿನಬೇಕು ಅನಿಸತೈತಿ" ಅಂದ್ಲು. ಖರೆ ಐತಿ. ಕುಬಸ ಅಂದ್ರ ಬಸರಿ ಸೀಮಂತ, ಏಳರಾಗ ತವರಮನಿಯಿಂದ ಬುತ್ತಿ ಬರಬೇಕು, ಕುಪ್ಪಸದ ಖಣ ಬರಬೇಕು. ಅದನ್ನ ಉಂಡ ಮ್ಯಾಲನ ಬಸರಿಗೆ ಸಮಾಧಾನ. ಆಕಿ ಫೋನಿನ್ಯಾಗ ಅವ್ವನ ಮುಂದ ಅತ್ತಿದ್ಲಂತ. ಅದು ನನಗ ಆಮ್ಯಾಲ ಗೊತ್ತಾತು.

ಎಲ್ಲಿಗೆ ಬಂದೆ ನಾ? ಹಾಂ, ಬೇಲಿದು ಹೇಳಬೇಕು. ಊರ ಬಾಯಾಗ ಜಾಲಿಮುಳ್ಳು ಕಡದು ದಾರಿಗೆ ಅಡ್ಡ ಹಾಕಿದ್ರು. ಕಾಯಾಂವ ಸಿದ್ದು, ನಮ್ಮ ಹಿಂದಿನ ಓಣಿಯಾಂವ. ಬೆನ್ನಿಗೆ ಕಬ್ಬಿಗೆ ಹುಳದ ಎಣ್ಣಿ ಹೊಡಿಯೋ ಪಂಪು, ಅದರಾಗ ಬ್ಲೀಚಿಂಗ್ ಪುಡಿ ಕಲಸಿದ ನೀರು. ಸಿದ್ದು ಕೆಟ್ಟಾಂವ ಅಲ್ಲ ಮತ್ತ. ಅವನ ಅವ್ವಗ ದಮ್ಮು ಇತ್ತು, ಪಾಪ ಅಂವ ಅಂಜಿದ್ದ. ಒಂದಿನ ಬುಟ್ಟಿ ಮುಟ್ಟಿಸಿ ನಾ ಹಂಗ ಬೇಲಿ ಕಡೆ ಬಂದೆ. ನೋಡ್ತೇನಿ, ಆಚಿಕಡಿ ಒಬ್ಬ ಮುದಕ, ಸೈಕಲ್ ಹಿಡಕೊಂಡು ನಿಂತಾನ. ಬಿಳಿ ಅರಬಿ ಗಂಟು ಕ್ಯಾರಿಯರಿಗೆ ಬಿಗದಾನ. ನೀಲವ್ವನ ಅಪ್ಪ, ಯಮನಪ್ಪ. ಮುಧೋಳ ಆಚಿಯಿಂದ ಸೈಕಲ್ ತುಳದು ಬಂದಿದ್ದ.

"ಬೀಗರ, ಅಲ್ಲೇ ನಿಂದರ್ರಿ" ಅಂದ ಸಿದ್ದು.

"ನಾ ಒಳಗ ಬರೂದಿಲ್ಲ ತಮ್ಮಾ. ಮಗಳಿಗೆ ಬುತ್ತಿ ತಂದೇನಿ, ಇದನ್ನಷ್ಟ ಮುಟ್ಟಸ್ರಿ."

"ಹೊರಗಿಂದು ಏನೂ ಒಳಗ ಬಿಡೂದಿಲ್ರಿ."

ನಾ ಅಂದೆ, "ಸಿದ್ದ್ಯಾ, ಕುಬಸದ ಬುತ್ತಿ ಅದು. ತಗೋಲೇ."

"ಕಾಕಾ, ರೋಗ ರೊಟ್ಟಿ ಮ್ಯಾಲ ಕುಂತು ಬಂದ್ರ ಯಾರ ನೋಡಾವ್ರು? ನೀ ನೋಡ್ತೀಯೇನು? ಕಣ್ಣಿಗೆ ಚಾಳೀಸ ಇಲ್ಲದ ನಿನಗ ನಿನ್ನ ಎತ್ತೂ ಕಾಣೂದಿಲ್ಲ."

ಯಮನಪ್ಪನೂ ನಕ್ಕ. ನಕ್ಕು ಗಂಟು ಬಿಚ್ಚಿ ಮುಳ್ಳಿನ ಹಂತ್ಯಾಕ ನೆಲದ ಮ್ಯಾಲ ಹಾಸಿದ. ಖಡಕ್ ರೊಟ್ಟಿ, ಶೇಂಗಾ ಹೋಳಿಗಿ, ಗುರೆಳ್ಳ ಚಟ್ನಿ, ಮ್ಯಾಲ ಒಂದು ಹಸರ ಖಣ. "ನೋಡ್ರಿ, ಆಕಿ ಅವ್ವ ಮಡಿ ಉಟ್ಟು ರೊಟ್ಟಿ ಬಡದಾಳ. ದಾರ್ಯಾಗ ನಾನೂ ಮುಟ್ಟಿಲ್ಲ" ಅಂದ. ಸಿದ್ದುಗ ಏನ ತಿಳೀತೋ. "ಹಂಗಾರ ಔಷಧ ಹೊಡದು ತಗೋತೇನಿ ತಡೀರಿ" ಅಂದ. ಅವನ ಲೆಕ್ಕದಾಗ ಅದು ಉಪಕಾರ. ನಾ ಬಾಯಿ ತೆಗಿಯೂದರಾಗ ಪಂಪ ಶುರು ಆಗಿತ್ತು. ಸರ್ ಅಂತ ರೊಟ್ಟಿ ಮ್ಯಾಲ, ಹೋಳಿಗಿ ಮ್ಯಾಲ. ಬೀಗರು ಬಂದ್ರ ಕಾಲಿಗೆ ನೀರು ಕೊಡೂದು ನಮ್ಮ ಪದ್ಧತಿ. ಆವತ್ತ ನಾವು ಕೊಟ್ಟ ನೀರು ಅದು.

ಯಮನಪ್ಪ ಜಗಳ ತಗೀಲಿಲ್ಲ. ತಗದಿದ್ರ ಛಲೋ ಇತ್ತು. ಕುಂತು ಒಂದು ರೊಟ್ಟಿ ಎತ್ತಿ ಧೋತರಲೆ ಒರಸಿದ. ಮೂಸಿ ನೋಡಿದ. ಕೆಳಗಿಟ್ಟ. ಸಿದ್ದುನ ಕೈಯಾಗ ಪಂಪಿನ ಕಡ್ಡಿ ಹಂಗ ಉಳೀತು, ಅವನ ಮಾರಿ ಸಣ್ಣದಾತು. "ಹೊಸಾದು ಮಾಡಿಸಿ ಕೊಡ್ತೀವ್ರಿ ಬೀಗರ" ಅಂದ. ಯಮನಪ್ಪ ಅವನ ಕಡೆ ನೋಡಲಿಲ್ಲ. ನನ್ನ ಕೇಳಿದ, "ಬೀಗರ, ಆಕಿ ಉಣ್ಣಾಕತ್ತಾಳೇನ್ರಿ?"

"ಉಣ್ತಾಳ್ರಿ. ಊರೆಲ್ಲ ಕೊಡತೈತಿ."

"ಛಲೋ ಆತು ತಗೋರಿ."

ಖಣ ಹಿಂಡಿ ಜಾಲಿಮುಳ್ಳಿಗೆ ಸಿಗಿಸಿದ. "ಇದನ್ನರ ಕೊಡ್ರಿ." ಹಸಿ ರೊಟ್ಟಿ ಗಂಟು ಮತ್ತ ಕಟಗೊಂಡ. ಅನ್ನ ನೋಡ್ರಿ, ದಾರ್ಯಾಗ ಚೆಲ್ಲಾಕ ಮನಸಾಗಲಿಲ್ಲ. ಸೈಕಲ್ ಹತ್ತಲಿಲ್ಲ, ಕಣ್ಣಿಗೆ ಕಾಣೂ ತನಕ ದೂಡಿಕೋತನ ಹ್ವಾದ. ನಾ ಹಿಂದ ಕರೀಬೇಕು ಅಂದ್ಕೊಂಡೆ. ಕರದು ಏನ ಹೇಳೂದು?

ಸಾಲಿ ಗೇಟಿಗೆ ಖಣ ಒಯ್ದೆ. ನೀಲವ್ವ ಅದನ್ನ ತಗೊಂಡು ಮಾರಿಗೆ ಹಿಡದ್ಲು, ಆ ವಾಸನಿಗೆ ಹಿಂದ ತಗದ್ಲು.

"ಅಪ್ಪ ಬಂದಿದ್ದನೇನ್ರಿ?"

"ಬಂದಿದ್ದ."

"ಬುತ್ತಿ?"

"ನೆನೀತವಾ."

ಆಕಿ ಮ್ಯಾಲ ನೋಡಿದ್ಲು. ಬಿಸಲು ಅಂದ್ರ ಬಿಸಲು. "ಮಳಿ ಇಲ್ಲಲ್ರಿ ಮಾವಾರ" ಅಂದ್ಲು. ಅಷ್ಟ.

ಮರದಿನ ನಿಮ್ಮ ಆಯಿ ಹೋಳಿಗಿ ಮಾಡಿದ್ಲು. ಸಿದ್ದುನ ಅವ್ವ ದಮ್ಮು ಎಳಕೋತ ರೊಟ್ಟಿ ಬಡದು ಕಳಿಸಿದ್ಲು. ಓಣಿ ಹೆಣ್ಮಕ್ಕಳು ಗೇಟಿನ ಹೊರಗ ನಿಂತು ಆರತಿ ಹಾಡೂ ಹಾಡಿದ್ರು. ನೀಲವ್ವ ಎಲ್ಲಾ ತಗೊಂಡ್ಲು, ಎಲ್ಲಾರಿಗೂ ಕೈ ಮುಗದ್ಲು, ಉಂಡ್ಲು. ಎದರಾಗೂ ಕಡಿಮಿ ಮಾಡಲಿಲ್ಲ ಆಕಿ. ಲಾಕ್‌ಡೌನ್ ತಗದು ದಾರಿ ಬಿಟ್ಟ ಮ್ಯಾಲ ಬಾಣಂತನಕ್ಕ ತವರಿಗೆ ಹ್ವಾದ್ಲು. ಕೂಸು ಛಲೋ ಐತಿ, ಈಗ ಸಾಲಿಗೆ ಹೊಕ್ಕೈತಂತ. ಹಣಮಂತನೂ ಅಲ್ಲೇ ಉಳದ. ಅವರ್ಯಾರೂ ನಮ್ಮೂರಿಗೆ ಬರೂದಿಲ್ಲ.

ಮೊನ್ನೆ ಮುಧೋಳ ಬಸ್‌ಸ್ಟ್ಯಾಂಡಿನ್ಯಾಗ ಯಮನಪ್ಪ ಸಿಕ್ಕಿದ್ದ. ಅಂವನೇ ನನಗ ಚಾ ಕುಡಿಸಿದ. ಸಿದ್ದುನ ಅವ್ವ ಹ್ಯಾಂಗದಾಳ ಅಂತನೂ ಕೇಳಿದ. ನಾ ಅಂದೆ, "ಒಮ್ಮೆ ಊರಿಗೆ ಬರ್ರಿ ಬೀಗರ, ಮೊಮ್ಮಗನ್ನ ಕರಕೊಂಡು." "ಬರೋಣಂತ್ರಿ" ಅಂದ. ಬರೂದಿಲ್ಲ. ನನಗ ಗೊತ್ತೈತಿ, ಅವನಿಗೂ ಗೊತ್ತೈತಿ.

ಹಸದಾವರಿಗೆ ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಅವರಿಗಂತ ಅವರವರು ಏನರ ತಂದ್ರ, ನೀವು ನಡಕ ನಿಂದರಬ್ಯಾಡ್ರಿ. ಆತು, ಏಳ್ರಿ. ಆಯಿ ಉಣ್ಣಾಕ ಕರಿಯಾಕತ್ತಾಳ.