ಬಿಗಿಯುವ ಮೊದಲೇ ಎಳೆದ ಗೆರೆ

ಕಥೆ ಎಂದ ಕೂಡಲೇ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತಿರಿ. ಈಗ ಒಬ್ಬ ಸಾಹುಕಾರ ಬರುತ್ತಾನೆ, ಅವನಿಗೆ ಕೊನೆಗೊಮ್ಮೆ ಬುದ್ಧಿ ಬರುತ್ತದೆ, ಸ್ವಾಮಿಗಳು ಮಾತು ಮುಗಿಸುತ್ತಾರೆ, ನಾವು ಎದ್ದು ಮಠದ ಪ್ರಸಾದಕ್ಕೆ ಹೋಗಬಹುದು ಎಂದು ಕಾಯುತ್ತಿದ್ದೀರಿ. ಇವತ್ತು ಸಾಹುಕಾರನಿಗೆ ರಜೆ ಕೊಟ್ಟಿದ್ದೇನೆ. ಇವತ್ತಿನ ಕಥೆಯಲ್ಲಿ ಕಲಿಸುವವನೊಬ್ಬ, ಕಲಿಯುವವನೊಬ್ಬ, ಮತ್ತೆ ಇಪ್ಪತ್ತನಾಲ್ಕು ಬೋಲ್ಟು.

ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದ್ದೀರಿ. ನಾವು ಅದಕ್ಕೆ ಫ್ಯಾನು ಎನ್ನುತ್ತೇವೆ. ಅಷ್ಟು ದೊಡ್ಡ ಫ್ಯಾನು ತಿರುಗಿದರೂ ಸೆಕೆ ಕಡಿಮೆಯಾಗಲಿಲ್ಲ ಎಂದು ಗೊಣಗಿದವರೂ ಇಲ್ಲಿ ಕೂತಿದ್ದೀರಿ. ಅದು ಕೆಟ್ಟು ನಿಂತರೆ ಮೇಲೆ ಹತ್ತಿ ದುರಸ್ತಿ ಮಾಡುವವರು ಬೇಕಲ್ಲ? ಅಂಥವರನ್ನು ತಯಾರು ಮಾಡುವ ತರಬೇತಿ ಶಾಲೆ ಒಂದೂರಿನಲ್ಲಿತ್ತು. ಯಮನೂರ ಎಂಬ ತರುಣ ಅಲ್ಲಿ ಕಲಿಯುತ್ತಿದ್ದ. ಜಾಲಿಹಾಳ ಮಾಸ್ತರರು ಕಲಿಸುತ್ತಿದ್ದರು.

ಆ ಶಾಲೆಯಲ್ಲಿ ಕೊನೆಯ ಆರು ತಿಂಗಳು ಪುಸ್ತಕವಿಲ್ಲ, ಬರೀ ಕೈಕೆಲಸ. ಅಂಗಳದಲ್ಲಿ ಅರವತ್ತಡಿ ಎತ್ತರದ ಅಭ್ಯಾಸದ ಗೋಪುರ ನಿಂತಿತ್ತು. ಅದರ ತುದಿಗೆ ಉಕ್ಕಿನ ತೊಲೆಯೊಂದನ್ನು ಕೂರಿಸುವ ಕೆಲಸ ಯಮನೂರನ ಪಾಲಿಗೆ ಬಂತು. ಮೇಲೆ ಯಾರಾದರೂ ಮೂರ್ಛೆ ಹೋದರೆ ಹಗ್ಗದಲ್ಲಿ ಇಳಿಸುತ್ತಾರಲ್ಲ, ಆ ಹಗ್ಗ ಕಟ್ಟುವ ತೊಲೆ ಅದು, ಇಪ್ಪತ್ತನಾಲ್ಕು ಬೋಲ್ಟಿನ ಮೇಲೆ ನಿಲ್ಲುವಂಥದ್ದು. ಉಳಿದ ಹುಡುಗರು ಕೆಳಗಿನ ಅಟ್ಟಣಿಗೆಯ ಕಂಬಿಗಳನ್ನು ಜೋಡಿಸುತ್ತಿದ್ದರು.

ಈಗ ಸ್ವಲ್ಪ ಗಮನವಿಟ್ಟು ಕೇಳಿ. ಅವರ ಪಾನಾ, ಅಂದರೆ ನಟ್ಟು-ಬೋಲ್ಟು ತಿರುಗಿಸುವ ಸ್ಪ್ಯಾನರು, ನಮ್ಮ ಪಂಪ್‌ಸೆಟ್ಟಿನ ಪಾನಾದಂಥದ್ದಲ್ಲ. ಬೋಲ್ಟು ಎಷ್ಟು ಬಿಗಿಯಾಗಬೇಕೋ ಅಷ್ಟಾದ ಕೂಡಲೇ ಅದು 'ಟಕ್' ಎನ್ನುತ್ತದೆ. ಟಕ್ ಎಂದ ಮೇಲೆ ನಟ್ಟಿನ ಮೇಲಿಂದ ತೊಲೆಯ ಮೇಲಕ್ಕೆ ಬರುವಂತೆ ಹಳದಿ ಬಣ್ಣದ ಒಂದು ಗೆರೆ ಎಳೆಯಬೇಕು. ಮುಂದೆ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಇನ್ನೊಂದು ಮಾತು. ಸಾಲಾಗಿ ಬಿಗಿಯುವಂತಿಲ್ಲ. ತೊಲೆ ಒಂದೇ ಕಡೆಗೆ ವಾಲಬಾರದೆಂದು ಇಲ್ಲೊಂದು, ಎದುರಿಗೊಂದು, ಹೀಗೆ ಹಾರಿ ಹಾರಿ ಬಿಗಿಯಬೇಕು. ಅಂದ ಮೇಲೆ ಯಾವುದು ಆಯಿತು, ಯಾವುದು ಉಳಿಯಿತು ಎಂದು ಹೇಳುವವರು ಯಾರು? ಗೆರೆ. ಗೆರೆ ಬಿಟ್ಟರೆ ಯಾರೂ ಇಲ್ಲ.

ಜಾಲಿಹಾಳ ಮಾಸ್ತರರಿಗೆ ಒಂದು ರೂಢಿಯಿತ್ತು. ಹುಡುಗರು ಕೂರಿಸಿದ ತೊಲೆಯ ಮೇಲೆ ಮೊದಲ ಭಾರ ತಮ್ಮದೇ. ತೊಂಬತ್ತೆರಡು ಕಿಲೋ ಆಳು. ಮರಳಿನ ಚೀಲ ಕಟ್ಟಿ ನೋಡಬಾರದೇ ಎಂದು ಒಬ್ಬರು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಚೀಲಕ್ಕ ಹೆಂಡ್ತಿ ಮಕ್ಕಳು ಇರೂದಿಲ್ರಿ. ಅದು ಬಿದ್ರ ಈ ಹುಡುಗ್ರಿಗೆ ಏನೂ ಅನಸೂದಿಲ್ಲ."

ಯಮನೂರ ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ಅದೇ ಅವನಿಗೆ ಮುಳುವಾಯಿತು. ಅವನು ನಾಲ್ಕು ಬೋಲ್ಟು ಬಿಗಿದು ಗೆರೆ ಎಳೆದಿದ್ದ. ಅಷ್ಟರಲ್ಲಿ ಕೆಳಗಿನಿಂದ ಕೂಗು ಬಂತು, "ಯಮನೂರ, ಬಣ್ಣದ ಪೆನ್ನು ಇತ್ತ ಕೊಡಲೇ, ನಮ್ಮ ಕೆಲಸ ನಿಂತೈತಿ!" ಇಡೀ ಶಾಲೆಗೆ ಪೆನ್ನು ಒಂದೇ. ಕೊಟ್ಟರೆ ಮತ್ತೆ ಯಾವಾಗ ಸಿಗುತ್ತದೋ. ಯಮನೂರ ಒಂದು ಕ್ಷಣ ಯೋಚಿಸಿದ. ಹೇಗಿದ್ದರೂ ಎಲ್ಲವನ್ನೂ ಬಿಗಿಯುವುದು ತಾನೇ, ಇವತ್ತೇ. ಗೆರೆ ಮೊದಲು ಎಳೆದರೆ ಏನು, ಆಮೇಲೆ ಎಳೆದರೆ ಏನು? ನಟ್ಟುಗಳನ್ನು ಕೈಗೆ ಅಲುಗದಷ್ಟು ಮಾತ್ರ ತಿರುಗಿಸಿ ಕೂರಿಸಿದ. ಆಮೇಲೆ ನಟ್ಟು ಅಲುಗದಂತೆ ಹಿಡಿದು ಆಚೆ ಬದಿಯ ಬೋಲ್ಟಿನ ತಲೆ ತಿರುಗಿಸಿ ಬಿಗಿದರೆ ಗೆರೆ ಮುರಿಯುವುದಿಲ್ಲವೆಂದು ಅಂದಾಜು ಮಾಡಿ, ಉಳಿದ ಇಪ್ಪತ್ತಕ್ಕೂ ಗೆರೆ ಎಳೆದು ಪೆನ್ನು ಕೆಳಗೆ ಬಿಟ್ಟ.

ನೋಡಿ, ಅವನು ಕಳ್ಳನಲ್ಲ. ಮೋಸ ಮಾಡಬೇಕೆಂದು ಹೊರಟವನಲ್ಲ. ಮಾಡುತ್ತೇನೆ ಎಂಬ ನಂಬಿಕೆಯಿಂದಲೇ ಮಾಡಿದ್ದೇನೆ ಎಂದು ಬರೆದ, ಅಷ್ಟೇ.

ಆಮೇಲೆ ಟಕ್, ಟಕ್ ಎಂದು ಹಾರಿ ಹಾರಿ ಬಿಗಿಯುತ್ತಾ ಬಂದ. ಊಟದ ಗಂಟೆ ಹೊಡೆಯಿತು. ಉಂಡು ಬಂದು ನೋಡುತ್ತಾನೆ, ಎಲ್ಲ ಬೋಲ್ಟುಗಳ ಮೇಲೂ ಒಂದೇ ಥರದ ಹಳದಿ ಗೆರೆ. ಎಲ್ಲಿಗೆ ನಿಲ್ಲಿಸಿದ್ದೆ? ಹದಿನಾರಕ್ಕೋ, ಹದಿನೆಂಟಕ್ಕೋ? ತಾನೇ ಎಳೆದ ಗೆರೆ ತನಗೇ ಏನನ್ನೂ ಹೇಳುತ್ತಿಲ್ಲ! ಇನ್ನೊಮ್ಮೆ ಪಾನಾ ಹಾಕಿ ನೋಡೋಣವೆಂದರೆ ಅದನ್ನು ಅಷ್ಟರಲ್ಲಿ ಕೆಳಗಿನವರು ಒಯ್ದಿದ್ದರು. ಕೇಳಬಹುದಿತ್ತು. ಆದರೆ ಕೇಳಿದರೆ ಯಾಕೆ ಎನ್ನುತ್ತಾರೆ. ಹೇಳಿದರೆ ನಗುತ್ತಾರೆ. ಮರುದಿನ ಕಂಪನಿಯವರು ಬಂದು ಇಬ್ಬರನ್ನು ಕೆಲಸಕ್ಕೆ ಆರಿಸುವವರಿದ್ದರು.

ಮಾಸ್ತರರು ಹತ್ತಿ ಬಂದರು. ಗೆರೆಗಳ ಮೇಲೆ ಕಣ್ಣಾಡಿಸಿದರು.

"ಮುಗೀತೇನಪಾ?"

"ಮುಗೀತ್ರಿ ಸರ್ರ."

"ಗೆರಿ ಚಲೋ ಬಂದಾವು" ಎಂದು ಹೇಳಿ ಇಳಿದು ಹೋದರು.

ಮರುದಿನ ಹತ್ತು ಗಂಟೆ. ಕಂಪನಿಯವರು ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಗೋಪುರದ ತುದಿಯಲ್ಲಿ ಮಾಸ್ತರರು ಸೊಂಟಪಟ್ಟಿಗೆ ಎರಡು ಹಗ್ಗ ಸಿಕ್ಕಿಸಿಕೊಂಡರು. ಒಂದು ಇಳಿಯುವುದಕ್ಕೆ, ಒಂದು ಕಾಪಾಡುವುದಕ್ಕೆ. ಎರಡೂ ಕಟ್ಟಿರುವುದು ಅದೇ ತೊಲೆಗೆ. ಪಕ್ಕದಲ್ಲಿ ನಿಂತ ಯಮನೂರ ಲೆಕ್ಕ ಹಾಕುತ್ತಿದ್ದ. ಹದಿನಾರು ಗಟ್ಟಿ ಇದ್ದರೂ ಸಾಕು, ತೊಲೆ ತಡೆಯುತ್ತದೆ. ತಡೆದೇ ತಡೆಯುತ್ತದೆ. ಮಾಸ್ತರರು ಒಂದು ಕಾಲು ಅಂಚಿನಾಚೆ ಇಟ್ಟರು.  ಯಮನೂರ ಮುಂದಕ್ಕೆ ಹಾರಿ ಅವರ ಸೊಂಟಪಟ್ಟಿಯನ್ನು ಎರಡೂ ಕೈಯಿಂದ ಹಿಡಿದ.

"ಸರ್ರ, ಇಳೀಬ್ಯಾಡ್ರಿ! ಎಲ್ಲಾ ಬಿಗಿದಿಲ್ರಿ."

"ಎಷ್ಟ ಉಳದಾವು?"

"ಗೊತ್ತಿಲ್ರಿ."

"ಯಾವ ಯಾವುವು?"

"ಅದೂ ಗೊತ್ತಿಲ್ರಿ."

ಮಾಸ್ತರರು ಕಾಲು ಹಿಂದಕ್ಕೆ ತೆಗೆದುಕೊಂಡರು. ಬೈಯಲಿಲ್ಲ, ಭೇಷ್ ಎನ್ನಲೂ ಇಲ್ಲ. ಕೆಲಸದ ಚೀಲದಿಂದ ಒಂದು ಅರಿವೆ ತುಂಡು, ಬಣ್ಣ ಕರಗಿಸುವ ಥಿನ್ನರಿನ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟರು. "ಮೊದಲ ಈ ಗೆರಿ ಒರಸು. ಎಲ್ಲಾ."

"ಬಿಗಿದಿದ್ದವುನ್ನೂ ಒರಸಬೇಕೇನ್ರಿ?"

"ಅವು ಯಾವುವು ಅಂತ ತೋರಸು, ಬಿಡೂಣು."

ತೋರಿಸಲು ಬರಲಿಲ್ಲ. ಕೆಳಗಿನವರೆಲ್ಲ ಕತ್ತೆತ್ತಿ ನೋಡುತ್ತಿರುವಾಗ ಇಪ್ಪತ್ತನಾಲ್ಕನ್ನೂ ಒರೆಸಿದ. ಆಮೇಲೆ ಪಾನಾ ಹಾಕಿ ನೋಡಿದರೆ ಏಳು ಸಡಿಲ. ಅವುಗಳಲ್ಲಿ ಐದು ಹಗ್ಗ ಇಳಿಬಿದ್ದ ಕಡೆಗೇ ಇದ್ದವು.

ಕಂಪನಿಯವರು ಬೇರೆ ಇಬ್ಬರನ್ನು ಆರಿಸಿಕೊಂಡು ಹೋದರು. ಯಮನೂರನ ಹೆಸರಿನ ಮುಂದೆ ಮಾಸ್ತರರು 'ಮತ್ತೆ ಮಾಡಬೇಕು' ಎಂದು ಬರೆದರು. ಅವನು ಅತ್ತ, ನಿಜ. ತೊಲೆ ಬಿಚ್ಚಿ, ಹೊಸ ಬೋಲ್ಟು ಹಾಕಿ, ಒಂದು ಟಕ್‌ಗೆ ಒಂದು ಗೆರೆಯಂತೆ ಮತ್ತೆ ಕೂರಿಸಿದ. ಪೆನ್ನು ಕೊಡು ಎಂದು ಕೆಳಗಿನವರು ಎಷ್ಟು ಕೂಗಿದರೂ ಕೊಡಲಿಲ್ಲ. ಮುಗಿದ ದಿನ ಹಗ್ಗ ತಾನೇ ಕೈಗೆತ್ತಿಕೊಂಡು, "ಮೊದಲ ಭಾರ ನಂದಾಗ್ಲಿರಿ ಸರ್ರ" ಎಂದ. ಮಾಸ್ತರರು ಅವನ ಕೈಯಿಂದ ಹಗ್ಗ ತೆಗೆದುಕೊಂಡರು. ಇಪ್ಪತ್ತನಾಲ್ಕು ಗೆರೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. "ಈಗ ಗೆರಿ ನಂಬಬಹುದು" ಎಂದರು. ಇಳಿದರು.

ಇದು ಯಮನೂರನ ಕಥೆ. ಈಗ ನಿಮ್ಮದು.

ಬೆಳಿಗ್ಗೆ ಎದ್ದು ಹಣೆಗೆ ಮೂರು ಗೆರೆ ವಿಭೂತಿ ಹಚ್ಚಿಕೊಂಡಿರಿ. ಚೆನ್ನಾಗಿ ಕಾಣುತ್ತದೆ, ಇಲ್ಲಿಂದಲೇ ಕಾಣುತ್ತದೆ. ಒಳಗೆ ಎಷ್ಟು ಬೋಲ್ಟು ಸಡಿಲ ಇವೆ? ಗೊತ್ತಿಲ್ಲ ಎನ್ನುತ್ತೀರಿ. ಕನ್ನಡ ಶಾಲೆಯಲ್ಲಿ ಕಲಿಸುವ ಬಾಯಿಯವರು ಇಲ್ಲಿದ್ದಾರೆ, ಸಿಟ್ಟಾಗಬೇಡಿ. ನಲವತ್ತು ಮಕ್ಕಳು ಬರೆದು ತಂದ ಪಟ್ಟಿಪುಸ್ತಕಗಳಿಗೆ ಹತ್ತೇ ನಿಮಿಷದಲ್ಲಿ ಕೆಂಪು ಗೀಟು ಹಾಕುತ್ತೀರಲ್ಲ, ಓದಿದ್ದು ಎಷ್ಟು? ಅತ್ತೆಗೆ ಮಾತ್ರೆ ಕೊಟ್ಟಾಯಿತು ಎಂದು ಗಂಡನಿಗೆ ಫೋನಿನಲ್ಲಿ ಹೇಳಿ, ಆಮೇಲೆ ಡಬ್ಬಿ ಹುಡುಕಿದವರು ಯಾರು? ನಗಬೇಡಿ. ನಕ್ಕವರೇ ಹುಡುಕಿದವರು.

ಮತ್ತೆ ನಾನು? ಮಠದ ಹಿಂದೆ ನೀರಿನ ಟ್ಯಾಂಕು ಇದೆ. 'ಸ್ವಚ್ಛಗೊಳಿಸಿದ ದಿನಾಂಕ' ಎಂದು ಅದರ ಮೇಲೆ ಪ್ರತಿ ತಿಂಗಳೂ ಹೊಸ ತಾರೀಖು ಬೀಳುತ್ತದೆ. ಬರೆಸುವವನು ನಾನೇ. ಅದಕ್ಕೆ ಏಣಿ ಹಚ್ಚಿದ್ದನ್ನು ಈ ವರ್ಷ ನಾನು ಕಂಡಿಲ್ಲ. ನೀವು ಒಳಗೆ ಬರುವಾಗ ಕುಡಿದಿರಲ್ಲ, ಅದೇ ಟ್ಯಾಂಕಿನ ನೀರು.

ಮುಖ ಕಿವುಚಬೇಡಿ, ಹೇಳುವುದು ಇನ್ನೂ ಇದೆ. ಇವತ್ತು ಮನೆಗೆ ಹೋಗಿ, ಮಾಡದೆಯೇ ಮಾಡಿದ್ದೇನೆ ಎಂದ ಒಂದು ಕೆಲಸವನ್ನು ಹುಡುಕಿ. ಒಂದೇ ಸಾಕು. ಯಾರಿಗೆ ಹಾಗೆ ಹೇಳಿದ್ದಿರೋ ಅವರ ಮುಂದೆ ನಿಂತು, "ಅದು ಆಗಿಲ್ಲ" ಎನ್ನಿ. ಗೆರೆ ಒರೆಸುವುದೆಂದರೆ ಅದು. ಆಮೇಲೆ ಆ ಕೆಲಸ ಮಾಡಿ.

ನಾಳೆ ಬೆಳಿಗ್ಗೆ ಏಳು ಗಂಟೆಗೆ ಟ್ಯಾಂಕಿನ ಮೇಲಿನ ತಾರೀಖನ್ನು ನಾನು ಒರೆಸುತ್ತೇನೆ. ನೀರು ಬಿಟ್ಟು ಖಾಲಿ ಮಾಡಿ, ಮೊದಲು ಒಳಗೆ ಇಳಿಯುವವನೂ ನಾನೇ. ಬ್ರಷ್ಷು ಇದ್ದವರು ತನ್ನಿ. ಹೊಸ ತಾರೀಖು ಬರೆಯುವ ಸುಣ್ಣದ ಡಬ್ಬಿಯನ್ನು ಮಾತ್ರ ತಿಕ್ಕಿ ಮುಗಿಯುವ ತನಕ ಯಾರೂ ತರಬೇಡಿ.