ವಿಭೂತಿ ನುಂಗಿದ ಬೆಳಕು

ಒಂಟಿಕೊಪ್ಪಲಿನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಪೌಡರ್ ಬಳಿದುಕೊಂಡು ಕೂತಿದ್ದ ಭಾನುಮತಿಗೆ ಕಿವಿ ಮುಚ್ಚಿಕೊಳ್ಳುವ ಮನಸ್ಸಾಗಲಿಲ್ಲ. ಸುಷ್ಮಾ ಎಂಬ ಹುಡುಗಿ ತಂದೆಯ ಫೋಟೋವನ್ನು ಕೌಂಟರಿನ ಮೇಲೆ ಕುಕ್ಕಿ, ಫೋಟೋಗ್ರಾಫರ್ ನಾಗಾರ್ಜುನನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ನಮ್ಮಪ್ಪನ ಹಣೇಲಿ ವಿಭೂತಿನೇ ಇಲ್ವಲ್ರೀ!”

“ಮುಖದ ಹತ್ರ ಮೀಟರ್ ಹಿಡಿದು, ಬೆಳಕು ಅಳೆದೇ ತೆಗೆದಿರೋದು ಕಣ್ರೀ.”

“ಹಿಂದಿನ ಬಿಳಿ ಪರದೆಗೆ ಹಿಡಿದ್ರಾ?”

“ಅದಕ್ಯಾಕೆ? ಪರದೆ ಮೇಲೆ ಫ್ಲ್ಯಾಶ್ ಹೊಡೆದ್ರೆ ಬೆಳ್ಳಗೆ ಬರುತ್ತೆ, ಅಷ್ಟು ಸಾಕು.”

“ಆ ಫ್ಲ್ಯಾಶೇ ವಿಪರೀತ ಆಗಿ ಮುಂದಕ್ಕೆ ನುಗ್ಗಿದೆ. ಕೂದಲು, ಕಿವಿ, ವಿಭೂತಿ ಎಲ್ಲಾ ನುಂಗ್ಬುಟ್ಟಿದೆ. ಬೇರೆ ಸ್ಟುಡಿಯೋದವ್ರು ನೋಡಿ ನಕ್ಕರು.”

“ಅವ್ರ ಹತ್ರಾನೇ ತೆಗೆಸ್ಬೇಕಿತ್ತು! ನಿಮ್ಮಪ್ಪ ಬಿಳಿ ಪಂಚೆ, ಬಿಳಿ ಶಲ್ಯದಲ್ಲಿ ಬಂದ್ರೆ ಅದೂ ನನ್ನ ತಪ್ಪಾ?”

“ಅವ್ರ ಹಿಂದೆ ಬಿಳಿ ಪರದೆ ಕಟ್ಟಿದ್ದು ಯಾರು?”

“ಸಾಕು, ತಲೆ ತಿನ್ಬೇಡಿ. ಕರ್ಕೊಂಡ್ಬನ್ನಿ, ಇನ್ನೊಂದ್ಸಲ ಕೂರಿಸಿ ತೆಗೀತೀನಿ.”

ಸುಷ್ಮಾ ಫೋಟೋವನ್ನು ಕೈಚೀಲಕ್ಕೆ ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

“ಕೂರಿಸಿದ್ದಾಯ್ತು. ಮೊನ್ನೆ ಸ್ನಾನ ಮಾಡ್ಸಿ, ವಿಭೂತಿ ಹಚ್ಚಿ, ಗುಂಡೀಲಿ ಕೂರಿಸಿ ಮಣ್ಣು ಮಾಡಿದ್ವಿ. ಅವತ್ತು ಹಣೆ ಮೇಲೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ?”