ಮುಂದಿನ ಸೀಟಿನಿಂದ ಬಂದ ಉತ್ತರ

ಇದು ಎಲ್ಲೋ ಕೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗನಿಗೇ ಆದದ್ದು. ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ…

ಅವನು ವಿಮಾನದ ಮೆಕ್ಯಾನಿಕ್. ಊರಾಚೆ ಒಂದು ಹುಲ್ಲಿನ ರನ್‌ವೇ, ಒಂದು ತಗಡಿನ ಶೆಡ್ಡು. ಅದರೊಳಗೆ ಹಲ್ಲಿನ ಡಾಕ್ಟರೊಬ್ಬರ ಸ್ವಂತ ಪುಟ್ಟ ವಿಮಾನ. ಎರಡೇ ಸೀಟು, ಒಂದರ ಹಿಂದೆ ಒಂದು. ಡಾಕ್ಟರು ಇವನಿಗೂ ಹಾರಿಸಲು ಕಲಿಸಿದ್ದರು. ಇವನ ಹೆಂಡತಿ ಆ ವಿಮಾನವನ್ನು ‘ನನ್ನ ಸವತಿ’ ಎಂದೇ ಕರೆಯುತ್ತಿದ್ದಳು. ಗಂಡ ಮನೆಗಿಂತ ಹೆಚ್ಚು ಅಲ್ಲೇ ಇರುತ್ತಿದ್ದನಲ್ಲ!

ಆ ರಾತ್ರಿ ಶೆಡ್ಡಿಗೆ ಬೀಗ ಹಾಕಿ ನಡೆದು ಬರುತ್ತಿದ್ದ. ಹಾಳುಬಾವಿಯ ಹತ್ತಿರ ಒಂದು ಸದ್ದು. ಸುಂಯ್… ಸುಂಯ್… ಸೀಳಿದ ಕೊಳಲು ಊದಿದ ಹಾಗೆ. ಮೈ ಜುಮ್ಮೆಂದಿತು. ಬಾವಿಯ ಆಚೆಯಿಂದ ಓಡಿ ಬಂದವಳು ಅವನ ಹೆಂಡತಿಯೇ. ಹೆಗಲ ಮೇಲೆ ಮಗಳು. ಸದ್ದು ಆ ಮಗುವಿನ ಎದೆಯದು.

“ರೀ… ಪುಟ್ಟಿಗೆ ಉಸಿರು ಸಿಕ್ತಿಲ್ಲ. ಔಷಧಿ ಕೊಟ್ಟೆ, ಏನೂ ಆಗ್ಲಿಲ್ಲ.”

“ಆಂಬುಲೆನ್ಸು?”

“ಸೇತುವೆ ಮೇಲೆ ನೀರಂತೆ. ಬರಕ್ಕಾಗಲ್ಲಂತೆ.” ಅವನ ತೋಳು ಹಿಡಿದಳು. “ನನ್ನ ಸವತೀನ ಹೊರಡಿಸಿ. ಇವತ್ತು ಅವಳ ಕಾಲು ಬೇಕಾದ್ರೂ ಹಿಡೀತೀನಿ.”

ಬಂದ ದಾರಿಯಲ್ಲೇ ಓಡಿದರು. ಅವನು ವಿಮಾನವನ್ನು ಬೆಳದಿಂಗಳಿಗೆ ತಳ್ಳಿದ. ಅವಳು ಮಗುವನ್ನು ನೆಟ್ಟಗೆ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತಳು.

ಹಳೆಯ ವಿಮಾನ, ಗುಂಡಿ ಒತ್ತಿದರೆ ಶುರುವಾಗುವುದಲ್ಲ. ಒಬ್ಬರು ಮುಂದಿನ ಸೀಟಿನಲ್ಲಿ ಬ್ರೇಕು ತುಳಿದಿರಬೇಕು, ಇನ್ನೊಬ್ಬರು ಹೊರಗೆ ನಿಂತು ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಬೇಕು. ತುಳಿಯುವವರಿಲ್ಲದಿದ್ದರೆ ಚಕ್ರಕ್ಕೆ ಮರದ ತುಂಡು ಅಡ್ಡ ಇಡಬೇಕು. ಇಲ್ಲವೆಂದರೆ ಇಂಜಿನ್ ಹತ್ತಿದ ಕೂಡಲೇ ವಿಮಾನ ಎದುರು ನಿಂತವನ ಮೇಲೇ ನುಗ್ಗುತ್ತದೆ.

ಹೆಂಡತಿಗೆ ಬ್ರೇಕು ತುಳಿದು ಗೊತ್ತಿಲ್ಲ, ಕೈಯಲ್ಲಿ ಮಗು ಬೇರೆ. ಮರದ ತುಂಡುಗಳೂ ಸಿಗಲಿಲ್ಲ. ಶೆಡ್ಡಿನ ಕತ್ತಲಲ್ಲಿ ನೆಲವೆಲ್ಲ ತಡಕಿದ. ಹಿಂದೆ ಆ ಸುಂಯ್ ಸದ್ದು ಸಣ್ಣದಾಗುತ್ತಿತ್ತು… ಇನ್ನೂ ಸಣ್ಣದಾಗುತ್ತಿತ್ತು…

“ದೇವರೇ, ಇದೊಂದು ಸಲ ಜೊತೆಗಿರಪ್ಪಾ,” ಎಂದನಂತೆ. ಇಂಜಿನ್ ಹತ್ತಿದೊಡನೆ ಪಕ್ಕಕ್ಕೆ ಜಿಗಿದು, ಓಡುವ ವಿಮಾನವನ್ನೇ ಹತ್ತುವುದೆಂದು ಗಟ್ಟಿ ಮನಸ್ಸು ಮಾಡಿದ.

ಪ್ರೊಪೆಲ್ಲರ್ ಮುಟ್ಟುವ ಮೊದಲು ಇಂಜಿನ್ನಿನ ಸ್ವಿಚ್ ಹೇಗಿದೆಯೆಂದು ಕೂಗಿ ಕೇಳಬೇಕು, ಒಳಗಿನವರು ಉತ್ತರಿಸಬೇಕು. ಅದು ಆ ಕೆಲಸದ ಕಟ್ಟುಪಾಡು. ರೂಢಿಯ ಬಾಯಿ, ತಾನಾಗಿಯೇ ಕೇಳಿಬಿಟ್ಟಿತು:

“ಸ್ವಿಚ್ ಆಫ್?”

“ಆಫ್.”

ಪಿಸುದನಿ. ಗಂಡಸಿನದು. ಮುಂದಿನ ಸೀಟಿನಿಂದ…

 ಆದರೆ ಹೆದರಲು ಪುರುಸೊತ್ತೆಲ್ಲಿ? ಇಂಜಿನ್ನಿಗೆ ಪೆಟ್ರೋಲು ಏರಲೆಂದು ಮೊದಲು ಪ್ರೊಪೆಲ್ಲರ್ ತಿರುಗಿಸಿದ. ಟಕ್… ಟಕ್…

“ಸ್ವಿಚ್… ಆನ್?”

“ಆನ್.”

ಬಲವಾಗಿ ಎಳೆದ. ಟಕ್… ಭರ್‌ರ್ರ್! ಪಕ್ಕಕ್ಕೆ ಜಿಗಿದು ಬಿದ್ದ. ತಲೆಯೆತ್ತಿ ನೋಡಿದರೆ ವಿಮಾನ ನಿಂತಲ್ಲೇ ನಿಂತು ನಡುಗುತ್ತಿದೆ. ಚಕ್ರ ಅಲುಗಿಲ್ಲ.

ಎದ್ದು ಬಾಗಿಲಿಗೆ ಓಡಿದ. ಮುಂದಿನ ಸೀಟಿನಲ್ಲಿ ಯಾರೂ ಇಲ್ಲ. ಹಿಂದಿನಿಂದ ಹೆಂಡತಿ ಕೇಳಿದಳು:

“ಅವರು ಬರಲ್ವಾ?”

“ಯಾರು?”

ಅವಳು ಮಗುವಿನ ಬೆನ್ನು ಉಜ್ಜುತ್ತಲೇ ಇದ್ದಳು.

ನದಿಯಾಚೆಯ ಪಟ್ಟಣದ ರನ್‌ವೇಯಲ್ಲಿ ದೀಪಗಳಿದ್ದವು. ಇಳಿದರು. ಮಗು ಉಳಿಯಿತು. ಭಗವಂತನ ದಯೆ.

ಹಸಿ ಹುಲ್ಲಿನಲ್ಲಿ ಚಕ್ರ ಹೂತಿರಬೇಕು, ಭಯಕ್ಕೆ ದನಿ ಕೇಳಿಸಿರಬೇಕು ಎನ್ನುತ್ತಾರೆ ಜನ. ಅನ್ನಲಿ ಬಿಡಿ. ದೇವರು ಯಾರ ಕೈಯಲ್ಲಿ ಕೆಲಸ ಮಾಡಿಸುತ್ತಾನೋ, ಕೇಳಲು ನಾನು ಯಾರು? ಅದು ದೆವ್ವವೇ ಆಗಿದ್ದರೂ ಅದಕ್ಕೆ ನನ್ನ ನಮಸ್ಕಾರ. ಆದರೆ ನಡೆದದ್ದು ನಿಜ, ನನ್ನ ಆಣೆಗೂ ನಿಜ. ಅವನೇ ನನ್ನೆದುರು ಕೂತು ಹೇಳಿದ:

“ಅಕ್ಕಾ, ನಾನು ಕೂರೋಕೆ ಹೋದಾಗ ಆ ಸೀಟಿನ ಬೆಲ್ಟು ಹಾಕಿತ್ತು… ಬಿಚ್ಚಿ ಕೂತೆ.”